ಪಟ್ಟಕ್ಕೆ ಬಂದ ಮಗು, ಪ್ರಾಯಕ್ಕೆ ಬಂದ ಅರಸು

1799ರ ಜೂನ್ 30. ಶ್ರೀರಂಗಪಟ್ಟಣ ಬಿದ್ದು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಮೈಸೂರಿನ ಹಳೆಯ ಕೋಟೆ, ಅರಮನೆ ಟಿಪ್ಪುವಿನ ಕಾಲದಲ್ಲೇ ಹಾಳಾಗಿದ್ದರಿಂದ ಪಟ್ಟಾಭಿಷೇಕಕ್ಕೆ ಚಪ್ಪರ ಹಾಕಬೇಕಾಯಿತು. ಆ ಚಪ್ಪರದ ಕೆಳಗೆ ಗದ್ದುಗೆಯ ಮೇಲೆ ಕೂರಿಸಿದ್ದು ಐದು ವರ್ಷ ತುಂಬಲು ಎರಡು ವಾರ ಬಾಕಿಯಿದ್ದ ಒಂದು ಮಗುವನ್ನು. ಸುತ್ತ ಮಂತ್ರಘೋಷ, ತೋಪುಗಳ ಸದ್ದು, ಅರ್ಥವಾಗದ ಭಾಷೆಯಾಡುವ ದಂಡನಾಯಕರು. ಇಷ್ಟರ ನಡುವೆಯೂ ಬಾಲಕನ ನಡವಳಿಕೆ ಬಹಳ ಗಂಭೀರವಾಗಿತ್ತು, ಪಟ್ಟಕ್ಕೆ ಬರುವ ಮುನ್ನ ಅವನು ಕಂಡ ಕಷ್ಟವನ್ನು ನೆನೆದರೆ ಇದು ಗಮನಿಸತಕ್ಕದ್ದು ಎಂಬ ಅರ್ಥದ ಮಾತನ್ನು ಈಸ್ಟ್ ಇಂಡಿಯಾ ಕಂಪನಿಯ ಕಮಿಷನರುಗಳು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬರೆದು ಕಳಿಸಿದರು. ಮದುವೆಮನೆಯಲ್ಲಿ ಐದು ವರ್ಷದ ಮಗುವನ್ನು ಅರ್ಧ ಗಂಟೆ ಒಂದೇ ಕಡೆ ಕೂರಿಸಲು ಎಷ್ಟು ಜನ ಬೇಕೆಂದು ಬಲ್ಲವರಿಗೆ ಆ ವರದಿಯ ತೂಕ ತಿಳಿಯುತ್ತದೆ. ಆ ಮಗುವೇ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರೆಂದು ಹೆಸರಾದವರು.

ಮುಂದಿನ ನೂರು ವರ್ಷಗಳಲ್ಲಿ ಮೈಸೂರು ಇನ್ನೂ ಎರಡು ಸಲ ಮಗುವಿಗೆ ಪಟ್ಟ ಕಟ್ಟಿತು. 1868ರಲ್ಲಿ ಐದು ವರ್ಷದ ಚಾಮರಾಜೇಂದ್ರ ಒಡೆಯರಿಗೆ, 1895ರಲ್ಲಿ ಹತ್ತು ವರ್ಷದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ. ಒಂದೇ ಊರು, ಒಂದೇ ಮನೆತನ, ಒಂದೇ ಶತಮಾನ. ಮೂರು ಸಲವೂ ಎದುರಾದ ಪ್ರಶ್ನೆ ಒಂದೇ: ಮಗುವಿನ ಹೆಸರಿನಲ್ಲಿ ದೊಡ್ಡವರು ನಡೆಸುವ ಆಡಳಿತವನ್ನು ಯಾವಾಗ, ಹೇಗೆ ಅದರ ಕೈಗೇ ಒಪ್ಪಿಸಬೇಕು? ಇಂದಿನ ಮನೋವಿಜ್ಞಾನ ಬೇರೆ ಮಾತಿನಲ್ಲಿ ಕೇಳುತ್ತಿರುವುದೂ ಇದನ್ನೇ. ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಂಡು, ಮುಂದಿನದನ್ನು ಯೋಚಿಸಿ, ಬೇಕಾದಾಗ ದಾರಿ ಬದಲಿಸುವ ಶಕ್ತಿಗಳ ಗುಂಪಿಗೆ ಅದು ಎಕ್ಸಿಕ್ಯುಟಿವ್ ಫಂಕ್ಷನ್ ಎಂದು ಹೆಸರಿಟ್ಟಿದೆ. ಮೈಸೂರಿನ ಮಾತಿನಲ್ಲಿ ಅದನ್ನು ಮನಸ್ಸಿನ ದಿವಾನಗಿರಿ ಎನ್ನಬಹುದು. ಈ ದಿವಾನಗಿರಿ ಒಂದು ಹುಟ್ಟುಹಬ್ಬದ ದಿನ ಕೈಗೆ ಬರುವ ಅಧಿಕಾರಪತ್ರವಲ್ಲ, ಹೊಣೆಯನ್ನು ಸ್ವಲ್ಪಸ್ವಲ್ಪವಾಗಿ ಹೊತ್ತು ಬಲಿಯುವ ಗುಣ. ಅರಮನೆಯ ಈ ಮೂರು ಬಾಲ್ಯಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ತೋರುವುದು ಇದೇ ಎಂಬುದು ನನ್ನ ವಾದ.

ಮೊದಲು ಐದು ವರ್ಷದ ಲೆಕ್ಕ ನೋಡೋಣ. ಈ ಶಕ್ತಿಗಳಲ್ಲಿ ಮುಖ್ಯವಾದವು ಮೂರೆಂದು ಸಂಶೋಧಕರು ಸಾಮಾನ್ಯವಾಗಿ ಎಣಿಸುತ್ತಾರೆ. ಕೈಯಲ್ಲಿರುವ ಕೆಲಸಕ್ಕೆ ಬೇಕಾದ್ದನ್ನು ಆ ಹೊತ್ತಿನಲ್ಲಿ ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಥಟ್ಟನೆ ಮಾಡಬೇಕೆನಿಸಿದ್ದನ್ನು ತಡೆಯುವುದು, ನಿಯಮ ಬದಲಾದರೆ ಮನಸ್ಸನ್ನೂ ಹೊರಳಿಸುವುದು. ಮೂರು ವರ್ಷದ ಮಗುವಿಗೆ ಕೆಂಪು, ನೀಲಿ ಬಣ್ಣದ ಮೊಲ, ದೋಣಿಗಳ ಚೀಟಿ ಕೊಟ್ಟು ಬಣ್ಣದ ಪ್ರಕಾರ ಬೇರೆ ಮಾಡು ಎಂದರೆ ಮಾಡುತ್ತದೆ. ಈಗ ಬಣ್ಣ ಬೇಡ, ಚಿತ್ರದ ಪ್ರಕಾರ ಬೇರೆ ಮಾಡು ಎಂದರೆ ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿ ಹೇಳುತ್ತಲೇ ಕೈ ಮಾತ್ರ ಹಳೆಯ ನಿಯಮದಂತೆ ಹಾಕುತ್ತದೆ. ಐದರ ಹೊತ್ತಿಗೆ ಬಹುಪಾಲು ಮಕ್ಕಳು ಇದನ್ನು ದಾಟುತ್ತಾರೆ. ತಿಳಿದಿರುವುದಕ್ಕೂ ತಿಳಿದಂತೆ ನಡೆಯುವುದಕ್ಕೂ ಇರುವ ಅಂತರ ಮೊದಲ ಸಲ ಕಿರಿದಾಗುವುದು ಈ ಎರಡು ವರ್ಷಗಳಲ್ಲಿ. 1799ರ ಚಪ್ಪರದಲ್ಲಿ ಕಮಿಷನರುಗಳು ಕಂಡ ಗಾಂಭೀರ್ಯ ಪವಾಡವೇನಲ್ಲ; ಆ ವಯಸ್ಸಿನಲ್ಲಿ ಮೊಳೆಯುವ ಗುಣವೇ. ಆದರೆ ಅದು ಮೊಳಕೆ ಮಾತ್ರ. ಈ ಎಲ್ಲ ಕೆಲಸದ ಮುಂದಾಳು ಹಣೆಯ ಹಿಂದಿರುವ ಮಿದುಳಿನ ಮುಂಭಾಗ. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ.

ಹಾಗಿದ್ದರೆ ಪ್ರಾಯಕ್ಕೆ ಬಂದ ಎನ್ನುವುದು ಯಾವಾಗ? ನಮ್ಮ ಧರ್ಮಶಾಸ್ತ್ರಕಾರರಿಗೆ ಇದು ಹಳೆಯ ಪ್ರಶ್ನೆ. ಎಂಟು ವರ್ಷದವರೆಗೆ ಶಿಶು ಗರ್ಭದಲ್ಲಿರುವುದಕ್ಕೆ ಸಮ, ಹದಿನಾರರವರೆಗೆ ಬಾಲ, ಆಮೇಲೆ ವ್ಯವಹಾರಕ್ಕೆ ಅರ್ಹ ಎಂಬುದು ನಾರದ ಸ್ಮೃತಿಯ ವಿಭಾಗ. ಹದಿನಾರು ಎಂದರೆ ಹದಿನೈದು ಮುಗಿದಾಗಲೋ ಹದಿನಾರು ಮುಗಿದಾಗಲೋ ಎಂದು ಬಂಗಾಳದವರಿಗೂ ಉಳಿದವರಿಗೂ ಚರ್ಚೆ ನಡೆದದ್ದುಂಟು. ಮುಮ್ಮಡಿಯವರು ತಾವೇ ಆಳುತ್ತೇನೆಂದು ಮುಂದೆ ಬಂದದ್ದು ಸರಿಯಾಗಿ ಈ ವಯಸ್ಸಿನಲ್ಲಿ. ಅದುವರೆಗಿನ ಹನ್ನೊಂದು ವರ್ಷ ಆಡಳಿತವೆಲ್ಲ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು. ಪೂರ್ಣಯ್ಯನವರು ಸಮರ್ಥರು, ಯುದ್ಧದಿಂದ ಜರ್ಜರಿತವಾದ ನಾಡನ್ನು ಎತ್ತಿ ನಿಲ್ಲಿಸಿ, ಬೊಕ್ಕಸ ತುಂಬಿಸಿಟ್ಟವರು. ಆದರೆ ಅಧಿಕಾರವನ್ನು ಅವರು ಸುಲಭವಾಗಿ ಬಿಟ್ಟುಕೊಡಲಿಲ್ಲ. 1811ರಲ್ಲಿ ಬಿಟ್ಟಾಗ ಒಂದೇ ಸಲಕ್ಕೆ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದರು; 1812ರ ಮಾರ್ಚಿಯಲ್ಲಿ ತೀರಿಕೊಂಡರು. ಮಗುವನ್ನು ಟಿಪ್ಪುವಿನ ಕಾಲದ ಸೆರೆವಾಸದಿಂದಲೂ ಸಾಕಿ, ರಾಜ್ಯಕ್ಕಾಗಿ ದಶಕಗಟ್ಟಲೆ ಹೋರಾಡಿದ ಅಜ್ಜಿ ಲಕ್ಷ್ಮಮ್ಮಣ್ಣಿಯವರು 1810ರಲ್ಲೇ ಹೋಗಿದ್ದರು. ಹದಿನೇಳು ತುಂಬಿದ ಅರಸನ ಬಳಿ ತುಂಬಿದ ಬೊಕ್ಕಸವಿತ್ತು, ಪೂರ್ಣ ಅಧಿಕಾರವಿತ್ತು, ಬೇಡಿ ಬರುವ ನೂರು ಜನರಿದ್ದರು. ಬೇಡ ಎನ್ನುವ ಅಧಿಕಾರವಿದ್ದ ಮನೆಯ ಹಿರಿಯರು ಮಾತ್ರ ಇರಲಿಲ್ಲ.

ಹದಿನಾರನ್ನು ಆರಿಸಿದ ಹಿಂದಿನವರು ತಪ್ಪಿದರೇ? ಪೂರ್ತಿ ತಪ್ಪಲಿಲ್ಲ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಭಾರತವೂ ಸೇರಿದಂತೆ ಹನ್ನೊಂದು ದೇಶಗಳ, ಹತ್ತರಿಂದ ಮೂವತ್ತು ವರ್ಷದೊಳಗಿನ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿತು. ಶಾಂತವಾಗಿ ಕುಳಿತು ಯೋಚಿಸುವ ಸಾಮರ್ಥ್ಯ ಹದಿನಾರರ ಹೊತ್ತಿಗೆ ಹೆಚ್ಚುಕಡಿಮೆ ದೊಡ್ಡವರ ಮಟ್ಟ ಮುಟ್ಟುತ್ತದೆ ಎಂದು ಅದು ಕಂಡುಕೊಂಡಿತು. ನಾರದ ಸ್ಮೃತಿಗೆ ಇದಕ್ಕಿಂತ ದೊಡ್ಡ ಪುರಸ್ಕಾರ ಬೇಕಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಅರ್ಧ ಮುಖ್ಯ: ಆಸೆ, ಉದ್ವೇಗ, ಅಪಾಯದ ಸೆಳೆತ ಇವುಗಳ ಎದುರು ತನ್ನನ್ನು ಹಿಡಿದುಕೊಳ್ಳುವ ಶಕ್ತಿ ಹದಿನೆಂಟು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. 2005ರ ಇನ್ನೊಂದು ಪ್ರಯೋಗದಲ್ಲಿ ಕಂಪ್ಯೂಟರಿನ ಮೇಲೆ ಕಾರು ಓಡಿಸುವ ಆಟ ಆಡಿಸಿದಾಗ, ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಗೆಳೆಯರು ನೋಡುತ್ತಿರುವಾಗ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು; ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ತಣ್ಣಗಿನ ಬುದ್ಧಿ ಬೇಗ ಬರುತ್ತದೆ, ಕಾವಿನ ನಡುವೆ ನಿಲ್ಲುವ ಬುದ್ಧಿ ತಡವಾಗಿ ಬರುತ್ತದೆ. ರಾಜನ ಓಲಗ ಎಂಬುದು ಕಾವಿನ ಜಾಗ. ಹೊಗಳುವವರು, ಚಾಡಿ ಹೇಳುವವರು, ಜಹಗೀರು ಕೇಳುವವರು, ನೋಡುತ್ತಿರುವ ಸಾವಿರ ಕಣ್ಣು ಎಲ್ಲ ಅಲ್ಲಿ ಒಟ್ಟಿಗೆ ಇರುತ್ತವೆ.

1831ರಲ್ಲಿ ಏನಾಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನಗರ ಪ್ರಾಂತದ ರೈತರ ಬಂಡಾಯವನ್ನು ಮುಂದಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯದ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡ. ಅರಸರು ದುಂದು ಮಾಡಿದರು, ಮುಖಸ್ತುತಿಗೆ ಒಲಿದು ದಾನ ಕೊಟ್ಟರು, ಆಳಲು ಬಾರದವರು ಎಂಬುದು ಆಗಿನ ಆರೋಪ. ಇಲ್ಲಿ ಓದುಗರು ಒಂದು ಗಟ್ಟಿ ಆಕ್ಷೇಪ ಎತ್ತಬಹುದು. 1831 ಮನಸ್ಸಿನ ಕಥೆಯಲ್ಲ, ರೊಕ್ಕದ ಕಥೆ. 1799ರ ಒಪ್ಪಂದದಂತೆ ವರ್ಷಕ್ಕೆ ಏಳು ಲಕ್ಷ ವರಹ, ಅಂದರೆ ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿ ಪೊಗದಿಯನ್ನು ಮಳೆ ಬಂದರೂ ಬಾರದಿದ್ದರೂ ಕಂಪನಿಗೆ ಕಟ್ಟಬೇಕಿತ್ತು. ಧಾನ್ಯದ ಬೆಲೆ ಬಿತ್ತು. ಇಷ್ಟು ಕಂದಾಯ ತರುತ್ತೇನೆಂದು ಅಮಲ್ದಾರರಿಂದ ಮಾತು ತೆಗೆದುಕೊಳ್ಳುವ ಶರತ್ತಿನ ಪದ್ಧತಿ ರೈತನ ಬೆನ್ನು ಮುರಿಯಿತು. ಬೆಂಟಿಂಕನೇ 1834ರಲ್ಲಿ ರಾಜ್ಯದ ಒಂದು ಭಾಗವನ್ನು ಅರಸರಿಗೆ ಮರಳಿಸಬಹುದೆಂದು ಸಲಹೆ ಮಾಡಿದ. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಇಷ್ಟೆಲ್ಲ ಇರುವಾಗ ಅರಸರ ಹದಿಹರೆಯವನ್ನು ಎಳೆದು ತರುವುದು ಸರಿಯೇ?

ಈ ಆಕ್ಷೇಪದ ಮುಕ್ಕಾಲು ಪಾಲನ್ನು ನಾನು ಒಪ್ಪುತ್ತೇನೆ. ಬಂಡಾಯವಾದಾಗ ಮುಮ್ಮಡಿಯವರ ವಯಸ್ಸು ಮೂವತ್ತಾರು. ಅದಕ್ಕೆ ಹದಿಹರೆಯ ಕಾರಣವೆನ್ನುವುದು ಅನ್ಯಾಯ. ನಾನು ಹೇಳುವುದು ಬೇರೆ. ಅಧಿಕಾರವನ್ನು ಅಳತೆಯಿಟ್ಟು ಖರ್ಚುಮಾಡುವ ಅಭ್ಯಾಸ, ಇಲ್ಲವೆನ್ನುವ ಅಭ್ಯಾಸ ಕೂಡಿಬರಬೇಕಾದ ವರ್ಷಗಳಲ್ಲಿ ಅವರಿಗೆ ಮೆಟ್ಟಿಲುಗಳಿರಲಿಲ್ಲ. ಹದಿನಾರರವರೆಗೆ ಏನೂ ಇಲ್ಲ, ಆಮೇಲೆ ಎಲ್ಲವೂ. ದೋಷವಿದ್ದದ್ದು ಒಪ್ಪಿಸಿದ ರೀತಿಯಲ್ಲಿ, ಒಪ್ಪಿಸಿಕೊಂಡವರ ಮನಸ್ಸಿನಲ್ಲಲ್ಲ. ಇದಕ್ಕೆ ಸಾಕ್ಷಿ ಅವರ ಉಳಿದ ಬದುಕೇ.

ಅಧಿಕಾರ ಹೋದ ಮೇಲೆ ಮುಮ್ಮಡಿಯವರು ಮೂವತ್ತಾರು ವರ್ಷಕ್ಕೂ ಹೆಚ್ಚು ಬದುಕಿದ್ದರು. ಆ ಕಾಲದ ದೊಡ್ಡ ಗ್ರಂಥ ಶ್ರೀತತ್ತ್ವನಿಧಿ. ಅದರ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಪಗಡೆ, ಚದುರಂಗ, ಗಂಜೀಫದ ಹೊಸಹೊಸ ಬಗೆಗಳನ್ನು ಅವರು ಕಲ್ಪಿಸಿದರು. ಚದುರಂಗದ ಕುದುರೆಯ ನಡೆಗಳನ್ನು ಬಿಡಿಸಿಟ್ಟರು. ಈ ಕುದುರೆ ನಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕುದುರೆ ಅರವತ್ನಾಲ್ಕು ಮನೆಗಳಲ್ಲೂ ಕಾಲಿಡಬೇಕು, ಒಂದು ಮನೆಯನ್ನೂ ಎರಡು ಸಲ ಮೆಟ್ಟಬಾರದು. ಹಲಗೆಯ ನಡುವೆ ನಿಂತ ಕುದುರೆಗೆ ಎಂಟು ದಾರಿ. ಮೂಲೆಯ ಮನೆಗೆ ಹೋಗಿಬರಲು ಎರಡೇ ದಾರಿ. ಆಡುವವನಿಗೆ ನಡುವಿನ ಬಯಲಲ್ಲೇ ಸುಲಭವಾಗಿ ಅಲೆಯುವ ಆಸೆ. ಹಾಗೆ ಅಲೆದರೆ ಕೊನೆಗೆ ಮೂಲೆಗಳು ಒಂಟಿಯಾಗಿ ಉಳಿದು ಆಟ ಕೆಡುತ್ತದೆ. ಆದ್ದರಿಂದ ಮೆಟ್ಟಿದ ಮನೆಗಳನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಕಣ್ಣೆದುರಿನ ಸುಲಭದ ಮನೆಯನ್ನು ಬಿಟ್ಟು ಇಕ್ಕಟ್ಟಿನ ಮನೆಗೆ ಮೊದಲು ಹೋಗಬೇಕು, ದಾರಿ ಮುಚ್ಚಿತೆಂದರೆ ಹಿಂದೆ ಬಂದು ಇನ್ನೊಂದು ಯೋಜನೆ ಹಿಡಿಯಬೇಕು. ನೆನಪು, ತಡೆ, ಹೊರಳು: ಮೂರೂ ಒಂದೇ ಹಲಗೆಯ ಮೇಲೆ. ಇಂಥ ನಡೆಗಳನ್ನು ಕಟ್ಟುತ್ತಾ ಕುಳಿತ ವ್ಯಕ್ತಿಯನ್ನು ಯೋಜನೆ ಮಾಡಲಾರದವರು ಎನ್ನಲು ಸಾಧ್ಯವೇ?

ಆಟದ ಹಲಗೆ ಬೇರೆ, ರಾಜ್ಯ ಬೇರೆ ಎನ್ನುವವರಿದ್ದಾರೆ. ಆ ಮಾತಿಗೆ ಆಧಾರವೂ ಇದೆ. ನೆನಪಿನ ಆಟ ಆಡಿಸಿದರೆ ಮಕ್ಕಳು ಆ ಆಟದಲ್ಲಿ, ಅದನ್ನು ಹೋಲುವ ಆಟದಲ್ಲಿ ಚುರುಕಾಗುತ್ತಾರೆ. ಓದಿಗೋ ನಡವಳಿಕೆಗೋ ಅದು ಹರಿದುಬರುವುದು ಬಹಳ ಕಡಿಮೆ ಎಂದೇ ಸಂಶೋಧನೆಗಳು ಹೇಳುತ್ತಿವೆ. ಚೆಸ್ ಕ್ಲಾಸಿಗೆ ಸೇರಿಸಿದರೆ ಮಗು ಸಂಯಮಿಯಾಗುತ್ತದೆಂದು ನಂಬಿ ದುಡ್ಡು ಸುರಿಯುವ ತಂದೆತಾಯಿ ಇದನ್ನು ತಿಳಿದಿರಬೇಕು. ಹಾಗಾಗಿ ಮುಮ್ಮಡಿಯವರ ಸಂಯಮಕ್ಕೆ ಆಟವನ್ನಷ್ಟೇ ಸಾಕ್ಷಿಯಾಗಿ ನಿಲ್ಲಿಸುವುದಿಲ್ಲ. ದೊಡ್ಡ ಸಾಕ್ಷಿ ಬೇರೊಂದಿದೆ. ರಾಜ್ಯವನ್ನು ಮರಳಿ ಪಡೆಯಲು ಅವರು ದಶಕಗಳ ಕಾಲ ಪತ್ರ ಬರೆದರು, ಮನವಿ ಕಳಿಸಿದರು, ಇಂಗ್ಲೆಂಡಿನಲ್ಲಿ ತಮ್ಮ ಪರ ಮಾತಾಡುವವರನ್ನು ಹುಡುಕಿದರು. 1857ರ ದಂಗೆಯ ಕಾಲದಲ್ಲಿ ಒಂದು ಹೆಜ್ಜೆಯನ್ನೂ ತಪ್ಪಾಗಿ ಇಡಲಿಲ್ಲ. 1865ರಲ್ಲಿ, ಎಪ್ಪತ್ತೊಂದರ ಹೊಸ್ತಿಲಲ್ಲಿ, ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಬ್ರಿಟಿಷ್ ಸರ್ಕಾರ ಮನೆತನವನ್ನು ಮುಂದುವರಿಸಲು ಒಪ್ಪಿತು. 1868ರ ಮಾರ್ಚಿ 27ರಂದು ಮುಮ್ಮಡಿಯವರು ಕಣ್ಣು ಮುಚ್ಚಿದರು. ತಾವು ಕಾಣಲಾರದ ಫಲಕ್ಕಾಗಿ ಮೂರು ದಶಕ ದುಡುಕದೆ ದುಡಿದವರಿವರು.

ಎರಡನೆಯ ಬಾಲದೊರೆಯ ಕಾಲಕ್ಕೆ ಹದಿನಾರು ಹೋಗಿ ಹದಿನೆಂಟು ಬಂದಿತ್ತು. 1875ರ ಪ್ರಾಪ್ತವಯಸ್ಕತೆಯ ಕಾಯಿದೆ ಹದಿನೆಂಟನ್ನು ಗೊತ್ತುಮಾಡಿತು. ನ್ಯಾಯಾಲಯ ಪೋಷಕರನ್ನು ನೇಮಿಸಿದ್ದ ಮಕ್ಕಳಿಗೆ ಇಪ್ಪತ್ತೊಂದು. ಇದು ಮನಸ್ಸನ್ನು ಅಳೆದು ಇಟ್ಟ ಅಂಕಿಯಲ್ಲ, ಕಾನೂನಿನ ಅನುಕೂಲಕ್ಕೆ ಇಟ್ಟದ್ದು. ಚಾಮರಾಜೇಂದ್ರರಿಗೆ ಕರ್ನಲ್ ಮ್ಯಾಲೆಸನ್, ಆಮೇಲೆ ಜೇಮ್ಸ್ ಗಾರ್ಡನ್ ಪೋಷಕರಾದರು. ಮೈಸೂರಿನ ಹಳೆಯ ಜಿಲ್ಲಾಧಿಕಾರಿ ಕಚೇರಿಯ ಮುಂದೆ ನಿಂತಿರುವ ಪ್ರತಿಮೆ ಈ ಗಾರ್ಡನ್ನರದೇ. 1881ರ ಮಾರ್ಚಿ 25ರಂದು ಹದಿನೆಂಟರ ಅರಸರಿಗೆ ರಾಜ್ಯ ಮರಳಿತು. ದಿವಾನ್ ರಂಗಾಚಾರ್ಲು ಪಕ್ಕದಲ್ಲಿದ್ದರು. ಅದೇ ವರ್ಷದ ದಸರೆಯಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿತು. ಅರಸರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ, ಮೂವತ್ತೊಂದರ ವಯಸ್ಸಿಗೆ, ಗಂಟಲಮಾರಿಯಿಂದ ತೀರಿಕೊಂಡರು. ಹತ್ತು ವರ್ಷದ ಮಗ ಗದ್ದುಗೆ ಏರಬೇಕಾಯಿತು.

ಈ ಮೂರನೆಯ ಸಲ ಮೈಸೂರು ಮೆಟ್ಟಿಲು ಕಟ್ಟಿತು. ರೀಜೆಂಟ್ ಆಗಿ ನಿಂತವರು ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಮೂವತ್ತು ತುಂಬಿರದ, ಗಂಡನನ್ನು ಆಗತಾನೇ ಕಳೆದುಕೊಂಡ ಹೆಣ್ಣುಮಗಳು ಬಹುಪಾಲು ಕಾಲ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಮತ್ತು ಮೂವರು ಸದಸ್ಯರ ಸಭೆಯೊಡನೆ ಏಳೂವರೆ ವರ್ಷ ರಾಜ್ಯ ನಡೆಸಿದರು. ಮಾರಿಕಣಿವೆಯ ಅಣೆಕಟ್ಟೆ ಶುರುವಾದದ್ದು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿ ಮುಟ್ಟಿದ್ದು ಅವರ ಕಾಲದಲ್ಲಿ. ಮಗ ಬೆಳೆದದ್ದು ಆಡಳಿತ ನಡೆಯುವ ಮನೆಯಲ್ಲಿ, ಆಡಳಿತ ನಡೆಸುವ ತಾಯಿಯ ಕಣ್ಣೆದುರು. ಪಾಠಕ್ಕೆ ಲೋಕರಂಜನ ಮಹಲಿನ ಶಾಲೆ, ಪಿ. ರಾಘವೇಂದ್ರರಾಯರು, ಆಮೇಲೆ ಐ.ಸಿ.ಎಸ್. ಅಧಿಕಾರಿ ಸ್ಟುವರ್ಟ್ ಫ್ರೇಜರ್ ಗುರುಗಳು. ಅರಸುಮಗನನ್ನು ಒಂಟಿಯಾಗಿ ಕೂರಿಸಿ ಕಲಿಸಲಿಲ್ಲ. ಆರಿಸಿದ ಕೆಲವು ಹುಡುಗರು ಜೊತೆಗಿದ್ದರು. ಪಾಠವೂ ಒಟ್ಟಿಗೆ, ಆಟವೂ ಒಟ್ಟಿಗೆ. ಓರಗೆಯವರು ನೋಡುತ್ತಿದ್ದರೆ ಹದಿಹರೆಯ ಅಪಾಯಕ್ಕೆ ಹಾರುತ್ತದೆಂಬ ಪ್ರಯೋಗದ ಮಾತು ನಿಜ. ಅದೇ ಓರಗೆಯವರು ನಿಯಮದ ಆಟದಲ್ಲಿ, ಸೋಲು ಗೆಲುವಿನಲ್ಲಿ ದಿನವೂ ಸಮಕ್ಕೆ ನಿಂತರೆ ಹುಡುಗನಿಗೆ ತನ್ನ ಅಳತೆ ತಿಳಿಯುತ್ತದೆಂಬುದೂ ನಿಜ. ದೊಡ್ಡವನಾಗುತ್ತಾ ಬಂದಂತೆ ರಾಜ್ಯದೊಳಗೆ ಪ್ರವಾಸ, ಕಂದಾಯ, ಕಾನೂನುಗಳ ಪರಿಚಯ ಒಂದೊಂದಾಗಿ ಸೇರಿದವು. 1902ರ ಆಗಸ್ಟ್ 8ರಂದು, ಹದಿನೆಂಟು ತುಂಬಿ ಎರಡು ತಿಂಗಳಾದ ಮೇಲೆ, ವೈಸ್‌ರಾಯ್ ಕರ್ಜನ್ ಪೂರ್ಣ ಅಧಿಕಾರ ಒಪ್ಪಿಸಿದ. ಆಗ ದಿವಾನರಾಗಿದ್ದವರು ಪಿ.ಎನ್. ಕೃಷ್ಣಮೂರ್ತಿ, ಪೂರ್ಣಯ್ಯನವರ ವಂಶದವರು. 1812ರಂತೆ ಈ ಸಲ ಹಿರಿಯರು ಮಾಯವಾಗಲಿಲ್ಲ. ತಾಯಿ 1934ರವರೆಗೂ ಬದುಕಿದ್ದರು. ಫ್ರೇಜರ್ ಕೆಲವೇ ವರ್ಷಗಳಲ್ಲಿ ರೆಸಿಡೆಂಟ್ ಆಗಿ ಮರಳಿ ಬಂದರು. ಲೋಕರಂಜನ ಮಹಲಿನ ಸಹಪಾಠಿ ಮಿರ್ಜಾ ಇಸ್ಮಾಯಿಲ್ ಮುಂದೆ ಅರಸರ ಖಾಸಗಿ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾಗಿ ಜೊತೆಗೇ ಉಳಿದರು.

ಇಲ್ಲಿ ಇನ್ನೆರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಮೂವರು ಅರಸರ ಬಾಲ್ಯದಿಂದ ಎಲ್ಲ ಮಕ್ಕಳ ಮನಸ್ಸಿನ ನಿಯಮ ತೆಗೆಯಬಹುದೇ ಎಂಬುದು ಒಂದು. ತೆಗೆಯಲಾಗದು, ನಿಜ. ಸ್ವಭಾವ, ಕಾಲ, ಅದೃಷ್ಟ ಎಲ್ಲ ಬೇರೆ. ಮೇಲಾಗಿ 1881ರ ನಂತರದ ಅರಸರ ಅಧಿಕಾರಕ್ಕೆ ಬ್ರಿಟಿಷರು ಬಿಗಿ ಬೇಲಿ ಹಾಕಿದ್ದರು, ತಪ್ಪು ಮಾಡುವ ಅವಕಾಶವೇ ಕಡಿಮೆಯಿತ್ತು. ಈ ಮೂರು ಬಾಲ್ಯಗಳು ನಿಯಮವನ್ನು ಸಾಧಿಸುವುದಿಲ್ಲ. ಪ್ರಯೋಗಶಾಲೆ ಬೇರೆ ದಾರಿಯಿಂದ ಕಂಡದ್ದು ಬದುಕಿನಲ್ಲಿ ಹೇಗೆ ಕಾಣಿಸುತ್ತದೆಂದು ತೋರಿಸುತ್ತವೆ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಮಿದುಳು ಇಪ್ಪತ್ತೈದರವರೆಗೆ ಬಲಿಯುತ್ತದೆ ಎಂಬ ಮಾತನ್ನು ಹಿಡಿದು ಹರೆಯದವರ ಹಕ್ಕನ್ನೇ ತಡೆಹಿಡಿಯಬಹುದಲ್ಲವೇ? ಮೈಸೂರಿಗೆ ಈ ನೋವು ಗೊತ್ತು. ಆಳಲು ಬಾರದವರು ಎಂಬ ಒಂದು ಮಾತಿನ ಮೇಲೆ ಅರ್ಧ ಶತಮಾನ ರಾಜ್ಯ ಕೈತಪ್ಪಿತ್ತು. ಇಡೀ ದೇಶದ ಬಗ್ಗೆಯೂ ಸಾಮ್ರಾಜ್ಯ ಅದನ್ನೇ ಹೇಳುತ್ತಿತ್ತು. ಆದರೆ ವಿಜ್ಞಾನ ಹೇಳುವುದು ಕಾಯಿರಿ ಎಂದಲ್ಲ. ಹೊಣೆ ಹೊರದೆ ಈ ಶಕ್ತಿ ಬಲಿಯದು. 1989ರಲ್ಲಿ ನಾವು ಮತದಾನದ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿದ್ದು ಸರಿ, ಏಕೆಂದರೆ ಮತ ಹಾಕುವುದು ತಣ್ಣಗೆ ಯೋಚಿಸಲು ಸಮಯವಿರುವ ಕೆಲಸ. 2015ರ ಬಾಲನ್ಯಾಯ ಕಾಯಿದೆ ಘೋರ ಅಪರಾಧದ ಸಂದರ್ಭದಲ್ಲಿ ಹದಿನಾರರಿಂದ ಹದಿನೆಂಟರ ಮಕ್ಕಳ ಮನಸ್ಸಿನ ಸಾಮರ್ಥ್ಯ ಅಳೆದು ದೊಡ್ಡವರಂತೆ ವಿಚಾರಣೆ ಮಾಡಬಹುದು ಎನ್ನುವಾಗ ನನಗೆ ಅಷ್ಟು ಸಮಾಧಾನವಿಲ್ಲ. ಶಾಂತ ಕೋಣೆಯಲ್ಲಿ ಅಳೆದ ಬುದ್ಧಿ ಆ ಗಳಿಗೆಯ ಬುದ್ಧಿಯಲ್ಲ.

ನಾಲ್ವಡಿಯವರ ಆಳ್ವಿಕೆಯಲ್ಲೇ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು, ದೇಶದ ಮೊದಲ ಕೆಲವು ವಿಭಾಗಗಳಲ್ಲಿ ಒಂದು. ಬೆಂಗಳೂರಿನ ನಿಮ್ಹಾನ್ಸ್ ಐದರಿಂದ ಹದಿನೈದು ವರ್ಷದ ನಮ್ಮ ಮಕ್ಕಳಿಗಾಗಿಯೇ ನೆನಪು, ಯೋಜನೆ, ತಡೆಗಳನ್ನು ಅಳೆಯುವ ಪರೀಕ್ಷೆಗಳ ಗುಚ್ಛವನ್ನು 2004ರಲ್ಲಿ ಸಿದ್ಧಮಾಡಿತು. ಅಳೆಯುವ ಸಾಧನ ಈಗ ನಮ್ಮ ಭಾಷೆಯ ನೆಲದಲ್ಲೇ ಇದೆ. ಒಪ್ಪಿಸುವ ರೀತಿಯಲ್ಲಿ ಮಾತ್ರ ಅನೇಕ ಮನೆಗಳು ಇನ್ನೂ 1811ರಲ್ಲಿವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಯುವವರೆಗೆ ಏಳುವ ಹೊತ್ತು, ಓದುವ ವಿಷಯ, ಕೈಖರ್ಚು ಎಲ್ಲವನ್ನೂ ತಂದೆತಾಯಿಯೇ ತೀರ್ಮಾನಿಸಿ, ಹದಿನೆಂಟಕ್ಕೆ ಒಂದು ದಿನ ಬ್ಯಾಂಕಿನ ಕಾರ್ಡು, ಫೋನು, ಗಾಡಿಯ ಕೀಲಿ ಕೊಟ್ಟು ದೂರದ ಹಾಸ್ಟೆಲಿಗೆ ಬಿಟ್ಟು ಬರುತ್ತಾರೆ. ಮಗು ಎಡವಿದರೆ ಅದರ ಸ್ವಭಾವವನ್ನೇ ಬಯ್ಯುತ್ತಾರೆ. ಹತ್ತರ ವಯಸ್ಸಿನಲ್ಲಿ ಒಂದು ಸಣ್ಣ ಹೊಣೆ, ಹದಿಮೂರಕ್ಕೆ ಇನ್ನೊಂದು, ಹದಿನಾರಕ್ಕೆ ಸ್ವಲ್ಪ ದೊಡ್ಡದು ಕೊಟ್ಟು, ತಪ್ಪಿದಾಗ ಪಕ್ಕದಲ್ಲಿ ಇರಿ ಎಂದು ಆ ತಂದೆತಾಯಿಯರನ್ನು ಕೇಳಿಕೊಳ್ಳುತ್ತೇನೆ. ಮೈಸೂರಿನವರು ಮಕ್ಕಳನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋದಾಗ ಇದನ್ನೂ ಹೇಳಿ: 1861ರಲ್ಲಿ ಅದನ್ನು ಕಟ್ಟಿಸಿ, ಗೋಡೆಗಳ ಮೇಲೆ ತಮ್ಮ ಆಟಗಳನ್ನು ಬರೆಸಿದವರು ಆಳಲು ಬಾರದವರೆಂದು ರಾಜ್ಯ ಕಳೆದುಕೊಂಡ ಮುಮ್ಮಡಿಯವರು, ನಲವತ್ತೊಂದು ವರ್ಷದ ಮೇಲೆ ಅವರ ದತ್ತುಮಗನ ಮಗನಿಗೆ ಪೂರ್ಣ ಅಧಿಕಾರ ಸಿಕ್ಕ ದರ್ಬಾರು ನಡೆದದ್ದೂ ಅಲ್ಲಿಯೇ.